‘ಅಡ್ಜಸ್ಟ್ ಆಗ್ತಾರೆ ಬಿಡಿ’ ಎನ್ನುವವರಿಗೆ

ಪ್ರತಿ ವರ್ಷ ಮೊದಲ ಪಿಯುಸಿ ತರಗತಿ ಶುರುವಾದಾಗ ಒಂದು ಮಾತು ಕೇಳಿಬರುತ್ತದೆ: “ಒಂದು ವಾರ ಕಷ್ಟ, ಆಮೇಲೆ ಅಡ್ಜಸ್ಟ್ ಆಗ್ತಾರೆ ಬಿಡಿ.” ಉಪನ್ಯಾಸಕರ ಕೊಠಡಿಯಲ್ಲೂ ಇದೇ ಮಾತು, ನಮ್ಮ ಮನೆಗಳಲ್ಲೂ ಇದೇ ಮಾತು. ನಮ್ಮ ತಕರಾರಿರುವುದು ಇದರ ಬಗ್ಗೆಯೇ. ಉಳಿದುಕೊಂಡವರನ್ನು ಮಾತ್ರ ಎಣಿಸಿ ಆಡುವ ಮಾತಿದು. ನಡುವೆಯೇ ಪುಸ್ತಕ ಮಡಚಿಟ್ಟು ಗ್ಯಾರೇಜು ಸೇರಿದ ಹುಡುಗರು, ನಿಕಾಹ್ ಆಗಿ ಹೋದ ಹುಡುಗಿಯರು ಈ ಲೆಕ್ಕದಲ್ಲಿ ಬರುವುದಿಲ್ಲ.

ನಾವು ಏಳನೆಯವರೆಗೆ ಉರ್ದುವಿನಲ್ಲಿ, ಹತ್ತರವರೆಗೆ ಕನ್ನಡದಲ್ಲಿ ಓದಿದವರು. ನಮ್ಮ ‘ಮುಸಲ್ಲಸ್’ ಹೈಸ್ಕೂಲಿನಲ್ಲಿ ತ್ರಿಭುಜವಾಯಿತು, ಕಾಲೇಜಿನಲ್ಲಿ ಟ್ರಯಾಂಗಲ್ ಆಯಿತು. ಮೊದಲ ದಿನ ಹಾಜರಿ ಕರೆದಾಗ ಹೆದರಿಕೆಗೆ ಹಳೆಯ ಶಾಲೆಯ ‘ಹಾಜಿರ್ ಜನಾಬ್’ ಬಾಯಿಗೆ ಬಂದುಬಿಟ್ಟಿತು. ಇಡೀ ತರಗತಿ ನಕ್ಕಿತು. ಮೂರನೆಯ ದಿನ ಜೀವಶಾಸ್ತ್ರದ ಮೇಷ್ಟ್ರು ಫೋಟೋಸಿಂಥೆಸಿಸ್ ಅಂದರೇನು ಎಂದು ಕೇಳಿದರು. ‘ಜಿಯಾಯಿ ತಾಲೀಫ್’ ನಮಗೆ ಗೊತ್ತಿತ್ತು. ‘ದ್ಯುತಿಸಂಶ್ಲೇಷಣೆ’ಯೂ ಗೊತ್ತಿತ್ತು. ಎರಡು ಭಾಷೆಗಳಲ್ಲಿ ಉತ್ತರ ಬಲ್ಲ ನಾವು ಪೀರಿಯಡ್ ಮುಗಿಯುವವರೆಗೆ ದಡ್ಡರಾಗಿ ನಿಂತೆವು. ಪಕ್ಕದಲ್ಲಿ ಹಳ್ಳಿಯಿಂದ ಬಂದ ಕನ್ನಡ ಮಾಧ್ಯಮದ ಹುಡುಗನೂ ನಿಂತಿದ್ದ.

ಹತ್ತನೆಯ ತರಗತಿಯವರೆಗೆ ಉರ್ದುವಿನಲ್ಲೂ ಕನ್ನಡದಲ್ಲೂ ವಿಜ್ಞಾನದ ಪುಸ್ತಕ ಅಚ್ಚು ಹಾಕಿಸುವ ಸರ್ಕಾರ, ಆ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಲೇ ಕೈ ಬಿಡುವುದೇಕೆ? ಹೊಸ ವಿದ್ಯಾರ್ಥಿಗಳನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂಬ ಮಾರ್ಗದರ್ಶಿ ಹೊರಡಿಸಿತು. ಒಳ್ಳೆಯದೇ. ಆದರೆ ಅದು ಪದವಿ ಸೇರುವವರಿಗೆ. ನಮ್ಮ ಮಕ್ಕಳು ಎಡವುವುದು ಅದಕ್ಕೂ ಎರಡು ವರ್ಷ ಮೊದಲೇ.

ಇನ್ನು ನಮ್ಮವರ ವಿಷಯ. “ನಮ್ಮವರ ಜೊತೆನೇ ಕೂತ್ಕೋ ಬೇಟಾ” ಎಂದು ಬುದ್ಧಿ ಹೇಳಿ ಕಳಿಸುತ್ತೇವೆ. ಏನೂ ಅರ್ಥವಾಗದ ನಾಲ್ವರು ಒಂದೇ ಬೆಂಚಿನಲ್ಲಿ ಕೂತರೆ ಯಾರು ಯಾರಿಗೆ ಹೇಳಿಕೊಡಬೇಕು? ಕನ್ನಡ ಅವರದು, ಉರ್ದು ನಮ್ಮದು ಎಂಬ ಗೋಡೆಯ ಒಂದಿಷ್ಟು ಇಟ್ಟಿಗೆ ನಾವೂ ಹೊತ್ತಿದ್ದೇವೆ. ಫಲಿತಾಂಶ ಬಂದಾಗ ತೊಂಬತ್ತು ದಾಟಿದವರಿಗೆ ಶಾಲು ಹೊದಿಸುವ ನಮ್ಮ ಅಂಜುಮನ್‌ಗಳು, ನಲವತ್ತು ತೆಗೆದ ಮಗುವಿನ ಜೊತೆ ಮೊದಲ ವಾರ ಕಾಲೇಜಿನ ಲೈಬ್ರರಿವರೆಗೆ ನಡೆದುಕೊಂಡು ಹೋದದ್ದನ್ನು ನಾವಂತೂ ಕಂಡಿಲ್ಲ. (ಶಾಲಿನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಇದು ಬರುವುದಿಲ್ಲ.) 2022ರಲ್ಲಿ ತಲೆವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಲ್ಲಬೇಕಾಗಿ ಬಂದ ಹುಡುಗಿಯರಿಗಾಗಿ ದನಿಯೆತ್ತಿದೆವು, ಎತ್ತಲೇಬೇಕಿತ್ತು. ಗೇಟು ದಾಟಿದ ಮೇಲೆ ಬೆಂಚಿನಲ್ಲಿ ಮೂಕರಾಗುವವರಿಗೆ ನಮ್ಮಲ್ಲಿ ದನಿ ಇಲ್ಲವೇ?

ಅಂದು ನಮ್ಮೊಡನೆ ನಿಂತಿದ್ದ ಆ ಹುಡುಗ ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ, “ನಿಂಗೂ ಗೊತ್ತಾಗ್ಲಿಲ್ವೇನೋ?” ಎಂದ. ಇಬ್ಬರೂ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಪದಗಳನ್ನು ಬರೆಯತೊಡಗಿದೆವು, ಇಂಗ್ಲಿಷಿನ ಎದುರು ಕನ್ನಡ, ಅದರ ಎದುರು ಉರ್ದು. ನಮ್ಮನ್ನು ಆ ವರ್ಷ ದಾಟಿಸಿದ್ದು ಆ ಪಟ್ಟಿಯೇ. ಅವನು ಮಾತ್ರ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವನೂ ‘ಅಡ್ಜಸ್ಟ್’ ಆದನೆಂದೇ ಕಾಲೇಜು ತಿಳಿದಿರಬೇಕು.

ಅಂಥ ಪಟ್ಟಿಯನ್ನು ಕಾಲೇಜೇ ಮೊದಲ ದಿನ ಮಕ್ಕಳ ಕೈಗಿಡಬಹುದು. ನಾಲ್ಕು ಪುಟ ಜೆರಾಕ್ಸ್ ಸಾಕು.