ವೀಸಾ ಬೇಡವೆಂದರೂ ವಾಪಸಾತಿಯ ಪುರಾವೆ ಬೇಕು

ಮೌದಾ (ನಾಗಪುರ): ವೀಸಾ ಇಲ್ಲದೆ ಹೋಗಬಹುದಾದ ದೇಶಗಳಿಗೆ ಪ್ರವಾಸ ಹೊರಡುವುದು ಹೊರನಾಡ ಕನ್ನಡಿಗರಿಗೂ ಈಗ ಹೊಸದಲ್ಲ. 2320 ಮೆಗಾವಾಟ್ ಸಾಮರ್ಥ್ಯದ ಎನ್‌ಟಿಪಿಸಿ ವಿದ್ಯುತ್ ಸ್ಥಾವರವಿರುವ ಮೌದಾದಂಥ ಊರಿನಲ್ಲಿ ಕಾಯಂ ನೌಕರರೂ ಗುತ್ತಿಗೆ ಕಾರ್ಮಿಕರೂ ನಿವೃತ್ತರೂ ಇರುತ್ತಾರೆ. ವೀಸಾ ವಿನಾಯಿತಿ ಎಲ್ಲರಿಗೂ ಒಂದೇ. ಆದರೆ ಅವಧಿಯೊಳಗೆ ಮರಳುತ್ತೇವೆಂದು ತೋರಿಸಲು ಕೈಯಲ್ಲಿರುವ ಕಾಗದಪತ್ರ ಎಲ್ಲರಲ್ಲೂ ಒಂದೇ ಅಲ್ಲ.

ಥಾಯ್ಲೆಂಡ್ 2023ರ ನವೆಂಬರ್ 10ರಿಂದ, ಮಲೇಷ್ಯಾ ಅದೇ ವರ್ಷದ ಡಿಸೆಂಬರ್ 1ರಿಂದ ಭಾರತೀಯರಿಗೆ ಈ ಸೌಲಭ್ಯ ನೀಡತೊಡಗಿದವು. ಇದರಿಂದ ರಾಯಭಾರ ಕಚೇರಿಯ ಪರಿಶೀಲನೆ ತಪ್ಪಿತೇ ಹೊರತು ಪ್ರಶ್ನೆ ತಪ್ಪಲಿಲ್ಲ. ಅದು ವಿಮಾನ ನಿಲ್ದಾಣದ ಕೌಂಟರಿಗೆ ಬಂದು ನಿಂತಿದೆ. ಪ್ರವೇಶ ಸಿಗದ ಪ್ರಯಾಣಿಕನನ್ನು ವಾಪಸು ಕರೆತರುವ ಹೊಣೆ ವಿಮಾನ ಸಂಸ್ಥೆಯದಾದ್ದರಿಂದ ಅದರ ಸಿಬ್ಬಂದಿಯೇ ಮೊದಲು ಮರುಪ್ರಯಾಣದ ಟಿಕೆಟ್ ಕೇಳುತ್ತಾರೆ.

ಈ ಸಂಶಯಕ್ಕೆ ಕಾರಣವಿಲ್ಲದಿಲ್ಲ. ಯುರೋಪಿಗೆ ಅಕ್ರಮವಾಗಿ ನುಸುಳುವವರು ಹೆಚ್ಚಿದ್ದರಿಂದ ಸರ್ಬಿಯಾ 2023ರ ಜನವರಿ 1ರಿಂದ ಭಾರತೀಯರಿಗಿದ್ದ ವಿನಾಯಿತಿಯನ್ನು ಹಿಂತೆಗೆದುಕೊಂಡಿತು. ಇರಾನ್ 2024ರ ಫೆಬ್ರವರಿಯಲ್ಲಿ ಕೊಟ್ಟ ವಿನಾಯಿತಿಯನ್ನು 2025ರ ನವೆಂಬರ್ 22ರಿಂದ ನಿಲ್ಲಿಸಿತು. ನೌಕರಿಯ ಆಮಿಷಕ್ಕೆ ಬಲಿಯಾಗಿ ಅಲ್ಲಿಗೆ ಹೋದ ಭಾರತೀಯರನ್ನು ಅಪಹರಿಸಿ ಹಣ ಕೇಳಿದ ಪ್ರಕರಣಗಳು ಇದಕ್ಕೆ ಹಿನ್ನೆಲೆ. ಸುಳ್ಳು ನೌಕರಿ ನಂಬಿ ಮ್ಯಾನ್ಮಾರ್‌ನ ಸೈಬರ್ ವಂಚನಾ ಕೇಂದ್ರಗಳಲ್ಲಿ ಸಿಕ್ಕಿಬಿದ್ದಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಕೆಲವರ ದುರುಪಯೋಗ ಹಾಗೂ ದಲಾಲರ ಮೋಸದ ಬೆಲೆಯನ್ನು ಪ್ರಾಮಾಣಿಕ ಪ್ರವಾಸಿಗನೂ ತೆರುತ್ತಿದ್ದಾನೆ.

ಹೀಗಾಗಿ ಸಿದ್ಧತೆ ಮನೆಯಲ್ಲೇ ಆಗಬೇಕು. ಅನುಮತಿಯ ದಿನಗಳೊಳಗಿನ ಮರುಪ್ರಯಾಣದ ಟಿಕೆಟ್, ವಸತಿಯ ವಿವರ, ಖರ್ಚಿಗೆ ಸಾಕಾಗುವ ಹಣದ ದಾಖಲೆ ಎಲ್ಲರಿಗೂ ಬೇಕು. ನೌಕರರು ರಜೆ ಮಂಜೂರಾತಿ ಪತ್ರವನ್ನೂ, ನಿವೃತ್ತರು ಪಿಂಚಣಿಯ ಪಾಸ್‌ಬುಕ್ಕನ್ನೂ ಜತೆಗಿಟ್ಟುಕೊಳ್ಳುವುದು ಒಳಿತು. ಕಷ್ಟ ಹೆಚ್ಚಾಗಿ ಗುತ್ತಿಗೆ ಕಾರ್ಮಿಕರದು. ಅಂಥವರು ಗುತ್ತಿಗೆದಾರರಿಂದ, ಮರಳಿ ಕೆಲಸಕ್ಕೆ ಸೇರುವ ದಿನಾಂಕವಿರುವ ಪತ್ರ ಪಡೆಯಬಹುದು. ಮಕ್ಕಳ ಮನೆಗೆ ಹೋಗುವವರಲ್ಲಿ ಅವರ ವಿಳಾಸ, ದೂರವಾಣಿ ಸಂಖ್ಯೆ ಇರಲಿ. ಇಷ್ಟಿದ್ದರೂ ಕೊನೆಯ ತೀರ್ಮಾನ ಅಲ್ಲಿನ ವಲಸೆ ಅಧಿಕಾರಿಯದೇ.

ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲು ಆಯಾ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನು ನೋಡಿಕೊಳ್ಳಬೇಕು. ‘ಪ್ರವಾಸಿಯೆಂದು ಹೇಳಿ ಒಳಗೆ ಹೋಗಿ, ಕೆಲಸದ ಪರವಾನಗಿ ಆಮೇಲೆ ಮಾಡಿಸೋಣ’ ಎನ್ನುವ ಏಜೆಂಟನನ್ನು ಅಲ್ಲಿಗೇ ಬಿಡಬೇಕು. ಆತ ನೋಂದಾಯಿತನೇ ಎಂಬುದನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ತಿಳಿಯಬಹುದು. ಕನ್ನಡ ಸಂಘಗಳು ತಮ್ಮ ಸಭೆಗಳಲ್ಲಿ ಒಂದರ್ಧ ಗಂಟೆ ಈ ಮಾಹಿತಿಗೆ ಮೀಸಲಿಟ್ಟರೆ, ಕೂಡಿಟ್ಟ ದುಡ್ಡಿನಲ್ಲಿ ಟಿಕೆಟ್ ಕೊಂಡ ಸದಸ್ಯರು ಕೌಂಟರಿನಿಂದಲೇ ಹಿಂದಿರುಗುವ ಪ್ರಸಂಗ ತಪ್ಪೀತು.