ಶಿಫಾರಸು ಬರೆದು ಕೊಡ್ರಿ ಅಂದಾಗ

ಕೌಜಲಗಿಯ ಚಹಾದಂಗಡಿಯೊಂದರಲ್ಲಿ ಕುಳಿತಿದ್ದೆವು. ಗೆಳೆಯನ ಫೋನ್ ಬಂತು. ನಮಗಿಂತ ಆರು ವರ್ಷ ಚಿಕ್ಕವನು, ಘಟಪ್ರಭಾ ದಂಡೆಯ ಹಳ್ಳಿಯವನು, ಎಂಟು ವರ್ಷದಿಂದ ನಮ್ಮಂತೆಯೇ ಸ್ಟ್ರಿಂಗರ್.

"ಅಣ್ಣಾರ, ಲಿಂಕ್ಡ್‌ಇನ್‌ನಾಗ ನನಗೊಂದು ರೆಕಮೆಂಡೇಶನ್ ಬರದ ಕೊಡ್ರಿ. ಹುಬ್ಬಳ್ಳ್ಯಾಗ ಒಂದು ಕೆಲಸ ಐತಿ, ಅರ್ಜಿ ಹಾಕೇನಿ."

"ಏನಂತ ಬರೀಬೇಕಪಾ?"

"ನೀವೇನೂ ಬರಿಯೂದು ಬ್ಯಾಡ್ರಿ. ಮ್ಯಾಟರ್ ವಾಟ್ಸಾಪ್ ಮಾಡೇನಿ. ಹಾಕಿಬಿಡ್ರಿ ಅಷ್ಟ."

ಮ್ಯಾಟರ್ ನೋಡಿದೆವು. ಚಾಟ್‌ಜಿಪಿಟಿಗೆ ಹೇಳಿ ಬರೆಸಿದ ಚಂದದ ಇಂಗ್ಲಿಷ್. ಪರಿಶ್ರಮಿ, ಸಮರ್ಪಣಾ ಭಾವದವರು, ಎಲ್ಲರೊಂದಿಗೆ ಬೆರೆಯುವವರು, ಒತ್ತಡದಲ್ಲೂ ಸಮಾಧಾನ ಕಳೆದುಕೊಳ್ಳದವರು ಎಂದೆಲ್ಲ ಇತ್ತು. ಅವನ ಹೆಸರು ತೆಗೆದು ಬ್ಯಾಂಕಿನ ಕ್ಲರ್ಕ್ ಹೆಸರು ಹಾಕಿದರೂ ನಡೆಯುತ್ತಿತ್ತು, ಟ್ರ್ಯಾಕ್ಟರ್ ಶೋರೂಮಿನ ಮ್ಯಾನೇಜರ್ ಹೆಸರು ಹಾಕಿದರೂ ನಡೆಯುತ್ತಿತ್ತು. ಕೆಳಗೆ ಅವನ ಹುದ್ದೆ: ಸೀನಿಯರ್ ರಿಪೋರ್ಟರ್.

ಹಾಕಲಿಲ್ಲ. ಬೇರೆ ಬರೆದೆವು. ಅದರಿಂದ ನಮ್ಮಿಬ್ಬರ ನಡುವೆ ನಾಲ್ಕು ದಿನ ಮಾತು ನಿಂತಿತ್ತು. ನಮ್ಮ ಓದುಗರಲ್ಲಿ ಹಲವರ ಮಕ್ಕಳು, ತಮ್ಮಂದಿರು ಈಗ ಇದೇ ರೀತಿ ಕೆಲಸ ಹುಡುಕುತ್ತಿರುವುದರಿಂದ ಇದನ್ನು ಇಲ್ಲಿ ಬರೆಯುತ್ತಿದ್ದೇವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಲಿಂಕ್ಡ್‌ಇನ್ ಎನ್ನುವುದು ಕೆಲಸದವರ ಫೇಸ್‌ಬುಕ್ ಇದ್ದಂತೆ. 2003ರಲ್ಲಿ ಶುರುವಾಯಿತು, 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಕೊಂಡುಕೊಂಡಿತು. ಅಲ್ಲಿ ನಿಮ್ಮ ಓದು, ಮಾಡಿದ ಕೆಲಸ ಎಲ್ಲವನ್ನೂ ನೀವೇ ಬರೆದುಕೊಳ್ಳುತ್ತೀರಿ. ರೆಕಮೆಂಡೇಶನ್ ಒಂದನ್ನು ಮಾತ್ರ ಬೇರೆಯವರು ಬರೆಯಬೇಕು. ಬರೆಯುವವರು ನಿಮ್ಮ ಕನೆಕ್ಷನ್‌ನಲ್ಲಿ ಇರಬೇಕು. ನಿಮಗೂ ಅವರಿಗೂ ಏನು ಸಂಬಂಧ, ಆಗ ನಿಮ್ಮ ಹುದ್ದೆ ಯಾವುದು ಎಂದು ಆರಿಸಿ ಬರೆದು ಕಳಿಸಬೇಕು. ನೀವು ಒಪ್ಪಿಕೊಂಡರಷ್ಟೇ ಅದು ನಿಮ್ಮ ಪುಟದಲ್ಲಿ ಕಾಣುತ್ತದೆ. ಇಷ್ಟವಾಗದಿದ್ದರೆ ತಿದ್ದಿಕೊಡಿ ಎಂದು ಕೇಳಬಹುದು, ಆಮೇಲೆ ಮರೆಮಾಡಲೂಬಹುದು. ಬರೆದವರ ಹೆಸರು, ಫೋಟೊ ಪಕ್ಕದಲ್ಲೇ ಇರುತ್ತದೆ. ಅಂದರೆ ನಾವು ಬರೆದದ್ದಕ್ಕೆ ನಮ್ಮ ಸಹಿ ಬಿದ್ದ ಹಾಗೆ.

ನಮ್ಮ ಕಡೆ ಶಿಫಾರಸು ಎಂಬ ಮಾತಿಗೇ ಬೇರೆ ವಾಸನೆ ಇದೆ. ಶಿಫಾರಸು ಅಂದರೆ ವಶೀಲಿ. ಸಾಹುಕಾರರ ಚೀಟಿ, ಲೆಟರ್‌ಹೆಡ್ ಮೇಲೆ "ಇವರು ನನಗೆ ಪರಿಚಿತರು" ಎಂಬ ಒಂದು ಸಾಲು. ಆ ಚೀಟಿ ಹಿಡಿದವನಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಇವ ಯಾರವ ಎಂದು ನೋಡುತ್ತಾರೆ. ಅದನ್ನೇ ನೋಡಿ ಬೆಳೆದ ನಮ್ಮ ಗೆಳೆಯ ಲಿಂಕ್ಡ್‌ಇನ್ ಶಿಫಾರಸನ್ನೂ ಹಾಗೆಯೇ ತಿಳಿದಿದ್ದ. ಯಾರಾದರೂ ಹಿರಿಯರ ಹೆಸರು ಇದ್ದರಾಯಿತು, ಒಳಗೆ ಏನಿದ್ದರೇನು ಅಂತ. ನಾವು ಅಂಥ ಹಿರಿಯರಲ್ಲ. ನಮ್ಮ ಹೆಸರು ನೋಡಿ ಹುಬ್ಬಳ್ಳಿಯಲ್ಲಿ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಹಾಗಾಗಿ ಒಳಗಿನ ಮಾತೇ ಗಟ್ಟಿ ಇರಬೇಕು.

ವಶೀಲಿಯಲ್ಲದ ಶಿಫಾರಸೂ ನಮ್ಮಲ್ಲಿ ಹಿಂದಿನಿಂದ ಇದೆ. ಶ್ರೀಕೃಷ್ಣ ಪಾರಿಜಾತ ನಮ್ಮ ಸೀಮೆಯ ಆಟ. ಅದನ್ನು ಬಯಲಿಗೆ ತಂದ ಕುಲಗೋಡ ತಮ್ಮಣ್ಣ ಪಕ್ಕದೂರಿನವರು, ಅದರಲ್ಲಿ ಹೆಸರಾದ ಕೌಜಲಗಿ ನಿಂಗಮ್ಮ ನಮ್ಮೂರಿನವರು. ಆಟದ ಮೇಳಕ್ಕೆ ಯಾರು ಪ್ರಮಾಣಪತ್ರ ಕೊಡುತ್ತಿದ್ದರು? ರಾತ್ರಿಯಿಡೀ ಎದುರು ಕುಳಿತು ನೋಡಿದವ ಬೆಳಿಗ್ಗೆ ತನ್ನೂರಿಗೆ ಹೋಗಿ ಇಂಥ ಪ್ರಸಂಗದಾಗ ಹಿಂಗ ಹಾಡಿದ್ರು ಅಂತ ಹೇಳಿದರೆ, ಆ ಊರಿನವರು ಮುಂದಿನ ಜಾತ್ರೆಗೆ ವೀಳ್ಯ ಕೊಡಲು ಬರುತ್ತಿದ್ದರು. ಅವನು ಸಾಹುಕಾರನಾಗಿರಬೇಕಿಲ್ಲ. ಕಣ್ಣಾರೆ ನೋಡಿರಬೇಕು, ಅಷ್ಟೇ.

ಹುಡುಗ ನೋಡಲು ಬಂದವರು ಮೊದಲು ಚಹಾದಂಗಡಿಯಲ್ಲಿ ವಿಚಾರಿಸುವುದನ್ನು ನೀವೂ ನೋಡಿರುತ್ತೀರಿ. "ಹುಡುಗ ಹೆಂಗದಾನ್ರಿ?" "ಛಲೋ ಅದಾನ್ರಿ." ಇಷ್ಟು ಕೇಳಿ ಯಾರೂ ಸೀರೆ ತರಲು ಹೋಗುವುದಿಲ್ಲ. "ಅವರಪ್ಪ ಬಿದ್ದು ಕಾಲು ಮುರಕೊಂಡಾಗ ಆರು ತಿಂಗಳು ಇವನ ಹೊಲ ಮಾಡಿದ್ರಿ" ಅಂದರೆ ಮಾತು ಮುಂದೆ ಹೋಗುತ್ತದೆ. "ಹುಡುಗೇನೋ... ಛಲೋ ಅದಾನ್ರಿ" ಎಂದು ನಡುವೆ ಒಂದು ಉಸಿರು ಎಳೆದರೆ ಬಂದವರು ಚಹಾ ಅರ್ಧಕ್ಕೆ ಬಿಟ್ಟು ಎದ್ದೇಬಿಡುತ್ತಾರೆ.

ಈ ಎಳೆದ ಉಸಿರು ಜರ್ಮನಿಯಲ್ಲಿ ಕಾಗದದ ಮೇಲೇ ಇದೆ. ಅಲ್ಲಿ ಕೆಲಸ ಬಿಡುವ ನೌಕರನಿಗೆ ಮಾಲೀಕ ಲಿಖಿತ ಪ್ರಮಾಣಪತ್ರ ಕೊಡಲೇಬೇಕೆಂದು ಕಾನೂನಿದೆ. ಅದು ನಿಜವೂ ಆಗಿರಬೇಕು, ನೌಕರನ ಒಳಿತು ಬಯಸುವಂಥದ್ದೂ ಆಗಿರಬೇಕು ಎಂದು ಅಲ್ಲಿನ ನ್ಯಾಯಾಲಯಗಳು ಹೇಳುತ್ತ ಬಂದಿವೆ. ಬೈಯುವಂತಿಲ್ಲ, ಸುಳ್ಳೂ ಹೇಳುವಂತಿಲ್ಲ. ಹಾಗಾಗಿ ಒಂದು ಗುಟ್ಟಿನ ಭಾಷೆಯೇ ಹುಟ್ಟಿಕೊಂಡಿದೆ. "ಇವರು ಪ್ರಯತ್ನಪಟ್ಟರು" ಎಂದು ಬರೆದರೆ ಕೆಲಸ ಬರಲಿಲ್ಲ ಎಂದೇ ಅರ್ಥ. ಗೆಳೆಯ ಕಳಿಸಿದ್ದ ಪರಿಶ್ರಮಿ, ಸಮರ್ಪಣಾ ಭಾವ ಎಂಬ ಮಾತುಗಳಿಗೆ ಇಂಥ ಒಳ ಅರ್ಥ ಇಲ್ಲದಿರಬಹುದು. ಆದರೆ ಓದುವವರಿಗೆ ಅನುಮಾನ ಬಂದೀತು: ಇವರಿಗೆ ಹೇಳಲು ಬೇರೇನೂ ಇರಲಿಲ್ಲವೇ?

ಸ್ಟ್ರಿಂಗರ್‌ಗಳಿಗೆ ಈ ನಾಲ್ಕು ಸಾಲು ಯಾಕೆ ಇಷ್ಟು ದೊಡ್ಡದು ಎಂಬುದನ್ನೂ ಹೇಳಬೇಕು. ಗೋಕಾಕ ಫಾಲ್ಸ್‌ನ ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಅಜ್ಜನೊಬ್ಬರು ಟ್ರಂಕಿನಿಂದ ಸರ್ವಿಸ್ ಸರ್ಟಿಫಿಕೇಟ್ ತೆಗೆದು ತೋರಿಸಿದ್ದುಂಟು, ಮಡಿಕೆ ಮಡಿಕೆಗೂ ಹರಿದಿತ್ತು, ಆದರೂ ಇತ್ತು. ನಮ್ಮ ಬಳಿ ಏನಿದೆ? ನೇಮಕಾತಿ ಪತ್ರವಿಲ್ಲ, ಸಂಬಳದ ಚೀಟಿ ಇಲ್ಲ. ಸುದ್ದಿಗೆ ಇಷ್ಟು, ಜಾಹೀರಾತು ತಂದರೆ ಇಷ್ಟು. ಎಷ್ಟೋ ಸುದ್ದಿಗೆ ಹೆಸರೂ ಬರುವುದಿಲ್ಲ. ಎಂಟು ವರ್ಷ ಎಲ್ಲಿ ಕೆಲಸ ಮಾಡಿದಿರಿ, ದಾಖಲೆ ತೋರಿಸಿ ಎಂದು ಹುಬ್ಬಳ್ಳಿಯವರು ಕೇಳಿದರೆ ಅವನು ಕತ್ತರಿಸಿ ಅಂಟಿಸಿದ ಹಳೆಯ ಪೇಪರಿನ ಫೈಲ್ ತೋರಿಸಬೇಕು. ಆ ಫೈಲಿಗೆ ಸಾಕ್ಷಿ ಹೇಳಬಲ್ಲವರು ಜೊತೆಗೆ ಅಲೆದ ನಾವೇ.

ಹಾಗಾಗಿ ನಾವು ಸುದ್ದಿ ಬರೆದ ಹಾಗೆಯೇ ಬರೆದೆವು. ಯಾವಾಗ, ಎಲ್ಲಿ, ಏನು ಮಾಡಿದ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದ್ದು ನೆನಪಿರಬೇಕು. ಲೋಳಸೂರ ಸೇತುವೆ ಮುಳುಗಿತ್ತು. ನಾವೆಲ್ಲ ನೀರಿನ ಫೋಟೊ ತೆಗೆದು ಕಳಿಸುವುದರಲ್ಲಿದ್ದೆವು, ಡೆಸ್ಕಿನಿಂದ ಬರುತ್ತಿದ್ದ ಫೋನೂ ಅದಕ್ಕೇ. ನೀರು ಇಳಿದ ಮೇಲೆ ಫೋಟೊ ಕೇಳುವವರು ಇರಲಿಲ್ಲ. ಇವನ ಕೆಲಸ ಆಗ ಶುರುವಾಯಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಹಾನಿ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದರು. ಅಕ್ಷರ ಒಂದು ಬದಲಾದರೆ ಒಂದು ಕುಟುಂಬದ ಹಣೆಬರಹವೇ ಬದಲಾಗುತ್ತಿತ್ತು. ಇವನು ಪಟ್ಟಿಯ ಜೆರಾಕ್ಸ್ ಹಿಡಿದು ತನ್ನೂರಿನ ಮೂರು ಓಣಿ ತಿರುಗಿದ. ಎರಡು ದಿನ ನಾವೂ ಜೊತೆಗಿದ್ದೆವು. ಪ್ರತಿ ಮನೆಯ ಮುಂದೆ ನಿಂತು ಹೆಸರು ಓದುವುದು, ಗೋಡೆ ನೋಡುವುದು, ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು. ಹಿಂದಿನ ಗೋಡೆ ಪೂರ್ತಿ ಕುಸಿದು ಮುಂಬಾಗಿಲು ಮಾತ್ರ ನೆಟ್ಟಗೆ ನಿಂತ ಒಂದು ಮುದುಕಿಯ ಮನೆ ಪಟ್ಟಿಯಲ್ಲಿ ಇರಲೇ ಇಲ್ಲ. ರಸ್ತೆಯಿಂದ ನೋಡಿದವರಿಗೆ ಮನೆ ಚಂದವೇ ಕಾಣುತ್ತಿತ್ತು. ಇವನು ಹಿತ್ತಲಿಗೆ ಹೋಗಿ ನೋಡಿದ. ಸುದ್ದಿ ಬಂದದ್ದು ಒಳಪುಟದಲ್ಲಿ, ಸಣ್ಣದಾಗಿ, ಹೆಸರಿಲ್ಲದೆ.

ಇದನ್ನೇ ಬರೆದೆವು. ಪರಿಶ್ರಮಿ ಎಂಬ ಪದ ಬೇಕಾಗಲಿಲ್ಲ.

ಇನ್ನೊಂದನ್ನೂ ಬರೆದಿದ್ದೆವು. ಬೈಕ್ ಅಪಘಾತದ ಒಂದು ಸುದ್ದಿಯಲ್ಲಿ ಅವನು ಸತ್ತವರ ಅಡ್ಡಹೆಸರು ತಪ್ಪು ಬರೆದಿದ್ದ. ಅದೇ ಹೆಸರಿನ ಬೇರೊಬ್ಬರು ಊರಲ್ಲಿದ್ದರು, ಜೀವಂತ. ಬೆಳಗಾಗುತ್ತಲೇ ಅವರ ಮನೆಗೆ ಬೀಗರೆಲ್ಲ ಅಳುತ್ತ ಫೋನ್ ಮಾಡತೊಡಗಿದರು. ಇವನು ಯಾರೂ ಕರೆಯುವ ಮೊದಲೇ ಆ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಕೈಮುಗಿದ. ಆಮೇಲೆ ಡೆಸ್ಕಿಗೆ ಹತ್ತು ಸಲ ಫೋನ್ ಮಾಡಿ ತಿದ್ದುಪಡಿ ಹಾಕಿಸಿದ. ಅಂದಿನಿಂದ ಸಾವಿನ ಸುದ್ದಿಯಾದರೆ ಮನೆಯವರಿಗೆ ಹೆಸರು ಓದಿ ಹೇಳಿ ಹೂಂ ಅನಿಸಿಕೊಂಡೇ ಕಳಿಸುತ್ತಾನೆ. ನಮಗೆ ಇದು ಅವನ ಬಗ್ಗೆ ಹೇಳಬಹುದಾದ ಎಲ್ಲಕ್ಕಿಂತ ದೊಡ್ಡ ಮಾತು ಅನಿಸಿತ್ತು.

ಅವನಿಗೆ ಹಾಗೆ ಅನಿಸಲಿಲ್ಲ. "ಅಣ್ಣಾರ, ಅದನ್ಯಾಕ ಬರದ್ರಿ? ನಾ ಕೆಲಸ ಕೇಳಾಕ ಹೊಂಟೇನಿ, ಕೋರ್ಟಿಗಲ್ಲ. ಮತ್ತ ಸೀನಿಯರ್ ರಿಪೋರ್ಟರ್ ಅಂತ ಯಾಕ ಹಾಕಿಲ್ಲ?"

ಇಲ್ಲಿಂದಲೇ ನಮ್ಮ ಜಗಳ. ನಾಲ್ಕು ದಿನ ಯೋಚಿಸಿದೆವು. ಕೊನೆಗೆ ಒಂದರಲ್ಲಿ ನಾವು ಸೋತೆವು, ಒಂದರಲ್ಲಿ ಸೋಲಲಿಲ್ಲ.

ತಪ್ಪಿನ ಕಥೆ ತೆಗೆದೆವು. ಸಾವಿನ ಸುದ್ದಿ ಕಳಿಸುವ ಮೊದಲು ಮನೆಯವರಿಗೆ ಹೆಸರು ಓದಿ ಖಾತ್ರಿ ಮಾಡಿಕೊಳ್ಳುತ್ತಾನೆ ಎಂಬುದನ್ನು ಮಾತ್ರ ಉಳಿಸಿದೆವು. ಅದು ನಿಜ, ನಾವು ನೋಡಿದ್ದೇ. ಆ ಅಭ್ಯಾಸ ಎಲ್ಲಿಂದ ಬಂತೆಂಬುದನ್ನು ಹೇಳಬೇಕೋ ಬೇಡವೋ ಅವನಿಗೆ ಬಿಟ್ಟದ್ದು. ಆ ಪುಟ ಅವನದು, ಬದುಕೂ ಅವನದು. ಒಂದು ಮಾತು ಬಿಟ್ಟರೆ ಅದು ಸುಳ್ಳಾಗುವುದಿಲ್ಲ. ಕೆಲವು ಗೆಳೆಯರು ಇದನ್ನು ಒಪ್ಪಲಿಕ್ಕಿಲ್ಲ. ಹಾಗಾದರೆ ಹಣ ತಿಂದವನ ಬಗ್ಗೆಯೂ ಅದನ್ನು ಬಿಟ್ಟು ಬರೆಯುತ್ತೀರಾ ಎಂದು ಕೇಳಬಹುದು. ಇಲ್ಲ, ಅಂಥವನಿಗೆ ಬರೆಯುವುದೇ ಇಲ್ಲ. ಬರೆಯಲು ಮನಸ್ಸಿಲ್ಲದಿದ್ದರೆ "ನನ್ನಿಂದ ಆಗೂದಿಲ್ಲಪಾ" ಎಂದು ಫೋನಿನಲ್ಲೇ ಹೇಳಿಬಿಡುವುದು ಒಳ್ಳೆಯದು. ನಾಳೆ ನೋಡೂಣು, ನಾಡಿದ್ದು ನೋಡೂಣು ಎಂದು ಎಳೆದು ಅವನ ಅರ್ಜಿಯ ತಾರೀಖು ಮುಗಿಸುವುದು ಕೆಟ್ಟದ್ದು.

ಸೀನಿಯರ್ ರಿಪೋರ್ಟರ್ ಎಂದು ಮಾತ್ರ ಹಾಕಲಿಲ್ಲ. ಆ ಹುದ್ದೆಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ. ಕೊಡಬೇಕಿತ್ತು, ಅದು ಬೇರೆ ಮಾತು. ಇಲ್ಲದ್ದನ್ನು ಸೇರಿಸಿದರೆ ಹುಬ್ಬಳ್ಳಿಯವರ ಒಂದೇ ಫೋನಿಗೆ ಬಣ್ಣ ಬಯಲಾಗುತ್ತದೆ, ಆಮೇಲೆ ಮುದುಕಿಯ ಮನೆಯ ಹಿತ್ತಲಿನ ಕಥೆಯನ್ನೂ ಯಾರೂ ನಂಬುವುದಿಲ್ಲ. ಸ್ಟ್ರಿಂಗರ್ ಎಂದೇ ಬರೆದೆವು. ಅದರ ಮುಂದೆ ಒಂದು ಸಾಲು ಹೆಚ್ಚು ಹಾಕಿದೆವು: ಎಂಟು ವರ್ಷ, ಕಚೇರಿ ಇಲ್ಲದೆ, ತನ್ನ ಬೈಕು, ತನ್ನ ಪೆಟ್ರೋಲು, ತನ್ನ ಫೋನಿನಲ್ಲಿ.

ಭಾಷೆಯ ತೊಡಕೂ ಇತ್ತು. ಅಲ್ಲಿ ಕನ್ನಡದಲ್ಲೂ ಬರೆಯಬಹುದು, ಆದರೆ ಕೆಲಸ ಕೊಡುವವರಿಗೆ ಕನ್ನಡ ಬರುತ್ತದೋ ಇಲ್ಲವೋ. ನಾವು ಮೊದಲು ಕನ್ನಡದಲ್ಲಿ ಬರೆದೆವು, ಆಮೇಲೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅದನ್ನೇ ಬರೆದೆವು. ಮೊದಲೇ ಇಂಗ್ಲಿಷಿಗೆ ಕೈ ಹಾಕಿದ್ದರೆ ಮತ್ತೆ ಆ ಪರಿಶ್ರಮಿಯೇ ಬರುತ್ತಿದ್ದ. 3,000 ಅಕ್ಷರದವರೆಗೆ ಜಾಗವಿದೆ, ಎರಡೂ ಹಿಡಿಸಿದವು.

ಇಷ್ಟೆಲ್ಲ ಹೇಳುವ ನಾವೂ ಸಾಚಾ ಅಲ್ಲ. ಮೂರು ವರ್ಷದ ಹಿಂದೆ ಡಿಪ್ಲೊಮಾದ ಸಹಪಾಠಿಯೊಬ್ಬರಿಗೆ ಬರೆದು ಕೊಟ್ಟದ್ದನ್ನು ಈಗ ತೆಗೆದು ಓದಿದೆವು. ಮೃದು ಸ್ವಭಾವದವರು, ಎಲ್ಲರಿಗೂ ಸಹಾಯ ಮಾಡುವವರು, ನಗುಮುಖದವರು. ಅಕ್ರಮ ಮರಳಿನ ಸುದ್ದಿಗೆ ರಾತ್ರಿ ಹೊತ್ತು ಹಳ್ಳದ ದಂಡೆಗೆ ಹೋಗಿ ಟ್ರ್ಯಾಕ್ಟರ್ ನಂಬರು ಬರೆದುಕೊಂಡು ಬಂದ ಹೆಣ್ಣುಮಗಳು ಅವರು. ಅದರಲ್ಲಿ ಒಂದಕ್ಷರ ಇಲ್ಲ. 2009ರಲ್ಲಿ ಅಮೆರಿಕದ ಮೂವರು ಸಂಶೋಧಕರು ಕಾಲೇಜು ಅಧ್ಯಾಪಕ ಹುದ್ದೆಯ ಶಿಫಾರಸು ಪತ್ರಗಳನ್ನು ಕೂಡಿಸಿ ನೋಡಿದ್ದರು. ಹೆಣ್ಣುಮಕ್ಕಳ ಪತ್ರದಲ್ಲಿ ಅಕ್ಕರೆ, ಸಹಾಯ, ಹೊಂದಾಣಿಕೆಯ ಮಾತು ಹೆಚ್ಚು, ಗಂಡಸರ ಪತ್ರದಲ್ಲಿ ಧೈರ್ಯ, ಮುಂದಾಳ್ತನದ ಮಾತು ಹೆಚ್ಚು. ಹೊಂದಾಣಿಕೆಯ ಮಾತು ಹೆಚ್ಚಿದ್ದಷ್ಟು ಕೆಲಸ ಸಿಗುವ ಆಸೆ ಕಡಿಮೆ. ಹೊಗಳುತ್ತಿದ್ದೇವೆ ಎಂದುಕೊಂಡೇ ನಾವು ಅವರ ಕೆಲಸ ಕೆಡಿಸಿದ್ದೆವು. ಫೋನ್ ಮಾಡಿ ಹೇಳಿದೆವು. "ಅವತ್ತ ಅನಿಸಿತ್ತು, ನಿಮಗ ಬ್ಯಾಸರಾದೀತಂತ ಸುಮ್ನಾದೆ" ಅಂದರು. ತಿದ್ದಿ ಕಳಿಸಿದ್ದೇವೆ. ಅದರಲ್ಲಿ ನಗುಮುಖ ಇಲ್ಲ, ಟ್ರ್ಯಾಕ್ಟರ್ ನಂಬರು ಇದೆ.

ಐದನೆಯ ದಿನ ನಮ್ಮ ಗೆಳೆಯ ಒಪ್ಪಿಗೆ ಒತ್ತಿದ. ಅರ್ಧ ತಾಸಿನಲ್ಲಿ ಮತ್ತೆ ಫೋನ್.

"ಅಣ್ಣಾರ, ಈಗ ನಾನೂ ನಿಮಗೊಂದು ಬರದು ಹಾಕತೇನಿ ತಡೀರಿ."

ಬೇಡ ಅಂದೆವು. ಮದುವೆಯಲ್ಲಿ ಆಯೇರಿ ಮಾಡಿದವರ ಮನೆಗೆ ತಿರುಗಿ ಆಯೇರಿ ಒಯ್ಯುವ ಹಾಗೆ ಅದೇ ವಾರ ಇವನದು ನಮಗೆ, ನಮ್ಮದು ಇವನಿಗೆ ಎಂದು ಕಂಡರೆ ನೋಡಿದವರಿಗೆ ಎರಡೂ ಹಗುರಾಗಿ ಕಾಣುತ್ತವೆ. "ಮೊದಲ ಸಂದರ್ಶನ ಮುಗಿಸ್ಕೊಂಡು ಬಾ" ಅಂದೆವು. ಸೋಮವಾರ ಕರೆದಿದ್ದಾರಂತೆ. ಹಳೆಯ ಪೇಪರಿನ ಫೈಲಿಗೆ ಹೊಸ ರಟ್ಟು ಹಾಕಿಸಲು ಗೋಕಾಕಕ್ಕೆ ಹೋಗಿದ್ದಾನೆ. ಒಳಪುಟದ ಆ ಸಣ್ಣ ಸುದ್ದಿಯನ್ನು ಎಲ್ಲಕ್ಕಿಂತ ಮೇಲೆ ಇಡು ಎಂದು ಹೇಳಿ ಕಳಿಸಿದ್ದೇವೆ.