ಮುತ್ತಜ್ಜನ ಜಾಡು

ಅರಸರ ವಂಶಾವಳಿಯನ್ನು ಶಾಸನಗಳು ಕಾದಿರಿಸಿವೆ. ತುರುಗಾಳಗದಲ್ಲಿ ಮಡಿದವನಿಗೂ ಊರ ಮುಂದೆ ಒಂದು ವೀರಗಲ್ಲು ದೊರೆತೀತು. ಹೊಲದಲ್ಲಿ ದುಡಿದು ದುಡಿದೇ ಸವೆದ ಒಕ್ಕಲಿಗನಿಗೆ ಕಲ್ಲು ನೆಡಿಸಿದವರಾರು? ಆದರೂ ಅವನ ಜಾಡನ್ನು ಅರಸಿ ಹೊರಟವನಿಗೆ ದಾರಿಯೇ ಇಲ್ಲವೆಂದಲ್ಲ.

ಮೊದಲ ಸುಳಿವು ಮನೆದೇವರು. ಮೂರು ತಲೆಮಾರಿನ ಹಿಂದೆ ಊರು ಬಿಟ್ಟ ಮನೆತನವೂ ಮಗುವಿನ ಜವುಳಕ್ಕೆ, ಹರಕೆಗೆ ಯಾವುದೋ ದೂರದ ಗುಡಿಗೆ ಹೋಗುವುದುಂಟು. ಏಕೆಂದು ಕೇಳಿದರೆ ಯಾರೂ ಅರಿಯರು. ಆ ಗುಡಿಯ ಆಸುಪಾಸಿನಲ್ಲಿಯೇ ಹಿರಿಯರ ಮೂಲಸ್ಥಾನ ಇದ್ದಿರುವ ಸಂಭವ ಹೆಚ್ಚು.

ಎರಡನೆಯ ಸುಳಿವು ಹೆಳವ. ಹೆಳವನೆಂದರೆ ಕುಂಟನೆಂದು ಅರ್ಥ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಲ್ಲಿ ಮರೆಮಾಡಿಕೊಂಡು ಊರಿಗೆ ಬಂದು, ಮನೆಮನೆಯ ಚರಿತ್ರೆಯನ್ನೂ ಕಾಳಗದಲ್ಲಿ ಮಡಿದವರ ಹೆಸರನ್ನೂ ಹೇಳುವ ಈ ಜನರನ್ನು ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಸುಗ್ಗಿ ಮುಗಿದ ಮೇಲೆ ಹೆಳವ ಬಾಗಿಲಲ್ಲಿ ನಿಂತು ಮೂಲಪುರುಷನಿಂದ ಮೊದಲುಗೊಂಡು, ಯಾರು ಯಾವ ಊರಿನಿಂದ ಬಂದರು, ಯಾರಿಗೆ ಎಷ್ಟು ಮಕ್ಕಳು, ಯಾವ ಕವಲು ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾನೆ. ಕಾಳು, ಬಟ್ಟೆ, ಹಣ ಪಡೆದು ಹೊರಡುತ್ತಾನೆ. ಹಿಂದೆ ಬಾಯಿಪಾಠವಾಗಿದ್ದುದು ಬರಬರುತ್ತ ಹೊತ್ತಗೆಗೆ ಇಳಿದಿದೆ. ದಾನಕೊಟ್ಟವರ ಕೀರ್ತಿ ತುಸು ಹಿಗ್ಗಿಸಿ ಹೇಳಿರಬಹುದು. ಭಿಕ್ಷೆಯನ್ನು ನಂಬಿದವನಿಂದ ಅಷ್ಟು ಉಪ್ಪುಕಾರ ಸಹಜವೇ. ಆದರೆ ಅವನ ಮಕ್ಕಳು ಈಗ ಬೇರೆ ಕಸುಬು ಹಿಡಿಯುತ್ತಿದ್ದಾರೆ. ಹೊತ್ತಗೆ ಅಟ್ಟ ಸೇರಿದರೆ ನೂರಾರು ಮನೆಗಳ ನೆನಪು ಗೆದ್ದಲಿನ ಪಾಲು.

ಹೆಸರುಗಳದೇ ಒಂದು ತೊಡಕು. ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ಪದ್ಧತಿಯಿಂದ ಬಸಪ್ಪನ ಮಗ ಈರಪ್ಪ, ಈರಪ್ಪನ ಮಗ ಮತ್ತೆ ಬಸಪ್ಪ. ಯಾವ ಬಸಪ್ಪನೆಂದು ತಿಳಿಯುವುದೆಂತು? ವಯಸ್ಸಿನ ಲೆಕ್ಕವೂ ಹಾಗೆಯೇ. ‘ಧಾತು ಸಂವತ್ಸರದಲ್ಲಿ ಹುಟ್ಟಿದವ’ ಎಂದರೆ ಅದು 1876 ಆಗಬಹುದು, 1816 ಅಥವಾ 1936 ಕೂಡ ಆಗಬಹುದು. ಸಂವತ್ಸರದ ಚಕ್ರ ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದಷ್ಟೆ. ಜೊತೆಗೆ ‘ಬರಗಾಲದ ಮಗು’ ಎಂಬ ಮಾತು ಸೇರಿದರೆ ಮಾತ್ರ 1876ನ್ನು ಹಿಡಿಯಬಹುದು.

ಆ ಬರ ಸಾಮಾನ್ಯದ್ದಲ್ಲ. 1871ರ ಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಮೆಯಾಗಿತ್ತು. ಎಷ್ಟೋ ವಂಶವೃಕ್ಷಗಳು ಅಲ್ಲಿಗೇ ಮುರಿದು ಬೀಳುತ್ತವೆ. ಉಳಿದವರಲ್ಲಿ ಹಲವರು ಬದುಕನ್ನರಸಿ ಊರು ಬಿಟ್ಟವರು. ಅವರ ಹಳೆಯ ಹೊಲ ಇನ್ನೊಬ್ಬನ ಹೆಸರಿಗೆ ಏರಿರುತ್ತದೆ.

ಸರ್ವೆಯ ಹಳೆಯ ಕಾಗದಗಳಲ್ಲಿ ಹೊಲವಿದ್ದವನ ಹೆಸರು ಸಿಕ್ಕುತ್ತದೆ. ಸರ್ವೆ ನಂಬರು, ಎಕರೆ, ಕಂದಾಯ, ಹೆಸರು: ಅಷ್ಟೆ. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯಿದೆಯಿಂದ ರದ್ದಾಗುವವರೆಗೆ ಕಡತಗಳೊಡನೆ ಅವುಗಳ ಒಳಗುಟ್ಟನ್ನೂ ಬಲ್ಲ ಒಬ್ಬ ಮನುಷ್ಯ ಊರಿನಲ್ಲಿದ್ದ. ಅನಂತರ ಉಳಿದದ್ದು ಕಾಗದ. ಪರರ ಹೊಲದಲ್ಲಿ ಜೀತ ಮಾಡಿದವನಿಗೆ ಆ ಒಂದು ಸಾಲೂ ಇಲ್ಲ.

ಹೆಂಗಸರ ಮಾತಂತೂ ಇನ್ನೂ ಕಠಿನ. ಖಾತೆಯಲ್ಲಿ ಮುತ್ತಜ್ಜಿ ಕಾಣುವುದು, ಗಂಡ ಸತ್ತು ಮಕ್ಕಳು ಚಿಕ್ಕವರಿದ್ದಾಗ ‘ಇಂಥವನ ಹೆಂಡತಿ’ ಎಂಬ ಒಕ್ಕಣೆಯೊಡನೆ. ಅವಳ ತವರಾವುದು, ತಂದೆಯಾರು ಎಂಬುದು ಬೇಕಾದರೆ ಮನೆಯ ಹಿರಿಯ ಹೆಂಗಸನ್ನೇ ಕೇಳಬೇಕು. ಬಾಣಂತನಕ್ಕೆ ಯಾವ ಊರಿನಿಂದ ಬುತ್ತಿ ಬರುತ್ತಿತ್ತು, ಗೌರಿಹಬ್ಬದ ಬಾಗಿನ ಯಾರ ಮನೆಯದು ಎಂದು ವಿಚಾರಿಸಿದರೆ, ಕಡತಕ್ಕೆ ತಿಳಿಯದ ಊರಿನ ಹೆಸರು ಅವಳ ಬಾಯಿಂದ ತಾನಾಗಿ ಹೊರಬರುತ್ತದೆ.